ಎಡದ ಕಪ್ಪೆ, ಬಲದ ಕಪ್ಪೆ

ಶಿಷ್ಯೆ: ಮೇಷ್ಟ್ರೇ, ಈ ಹಳೆಯ ಜಪಾನೀ ಪದ್ಯಸ್ಪರ್ಧೆಗಳ ವಿಚಾರ ನನಗೆ ಒಪ್ಪಿಗೆಯಾಗುವುದಿಲ್ಲ. ಹದಿನೇಳು ಅಕ್ಷರದ ಒಂದು ಪದ್ಯವನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟು, ಇದು ಗೆದ್ದಿತು, ಅದು ಸೋತಿತು ಅನ್ನುವುದು ಎಂಥ ಕೆಲಸ? ಕುಸ್ತಿಯಲ್ಲಾದರೆ ಬೆನ್ನು ಮಣ್ಣಿಗೆ ತಾಗುತ್ತದೆ, ಎಲ್ಲರಿಗೂ ಕಾಣುತ್ತದೆ. ಪದ್ಯದ ಬೆನ್ನು ಎಲ್ಲಿದೆ?

ಮೇಷ್ಟ್ರು: ಕಾಣುವುದಿಲ್ಲವೆಂದೇ ಅವರು ಬರೆದಿಟ್ಟರು ಕಣಮ್ಮ. ನೀನು ಗೆಲುವು ಸೋಲಿನ ಗುರುತನ್ನು ನೋಡುತ್ತಿದ್ದೀಯ. ಅದರ ಕೆಳಗಿರುವ ಸಾಲುಗಳನ್ನು ನೋಡು. ಪ್ರತಿ ಜೋಡಿಯ ಕೆಳಗೆ ತೀರ್ಪುಗಾರ ಕಾರಣ ಬರೆಯಬೇಕಿತ್ತು. ಆ ಬರಹಕ್ಕೆ ಹಂಶಿ ಅನ್ನುತ್ತಾರೆ. ನನಗೆ ಆ ಸ್ಪರ್ಧೆಗಳಲ್ಲಿ ಬೆಲೆಬಾಳುವುದು ಹಂಶಿಯೇ. ಸೋತವನ ಕಣ್ಣೆದುರಿಗೆ, ಏಕೆ ಸೋತೆ ಎಂದು ವಾಕ್ಯಗಳಲ್ಲಿ ಹೇಳುವ ಹೊಣೆಯನ್ನು ಅವರು ತೀರ್ಪುಗಾರನ ಮೇಲೆ ಹೊರಿಸಿದರು.

ಶಿಷ್ಯೆ: ಆದರೆ ಹೈಕು ಬರುವುದಕ್ಕೆ ಎಷ್ಟೋ ಮೊದಲೇ ಇದು ಶುರುವಾಯಿತಲ್ಲವೇ?

ಮೇಷ್ಟ್ರು: ಹೈಕುವಿಗೆ ಹೆಸರಾದ ಬಾಶೋನ ಕಾಲಕ್ಕಿಂತ ಎಂಟು ನೂರು ವರ್ಷ ಮೊದಲು. ಮೊದಲಿಗೆ ಸ್ಪರ್ಧೆ ಮೂವತ್ತೊಂದು ಅಕ್ಷರದ ವಾಕಾ ಪದ್ಯಗಳದ್ದು. ಅದರ ಹೆಸರು ಉತಾ-ಅವಾಸೆ. ಈಗ ನಮಗೆ ಸಿಗುವ ದಾಖಲೆಗಳಲ್ಲಿ ತುಂಬ ಹಳೆಯದು 880ರ ದಶಕದ್ದು, ಅರಿವಾರಾ ನೊ ಯುಕಿಹಿರಾ ಎಂಬ ಮಂತ್ರಿಯ ಮನೆಯಲ್ಲಿ ನಡೆದದ್ದು. ಎಡ ಪಕ್ಷ, ಬಲ ಪಕ್ಷ, ಮೊದಲೇ ಕೊಟ್ಟ ವಸ್ತು, ಪದ್ಯವನ್ನು ರಾಗವಾಗಿ ಓದುವವನು, ಗೆಲುವಿನ ಲೆಕ್ಕ ಇಡುವವನು, ತೀರ್ಪುಗಾರ. ಗೆಲುವು, ಸೋಲು, ಅಥವಾ ಸಮ. ಸಮಕ್ಕೆ 'ಜಿ' ಎನ್ನುತ್ತಿದ್ದರು. ಹೈಕು ಅನ್ನುವ ಹೆಸರು ಬಳಕೆಗೆ ಬಂದದ್ದು 1890ರ ದಶಕದಲ್ಲಿ, ಮಸಾವೊಕಾ ಶಿಕಿಯ ಕಾಲಕ್ಕೆ. ಬಾಶೋನ ಕಾಲದಲ್ಲಿ ಅದು ಹೊಕ್ಕು, ಸರಣಿ ಪದ್ಯದ ಮೊದಲ ತುಣುಕು. ಹೊಕ್ಕುಗಳ ಸ್ಪರ್ಧೆ ಇಡೀ ಚೌಕಟ್ಟನ್ನು ಅರಮನೆಯಿಂದಲೇ ಎತ್ತಿಕೊಂಡಿತು.

ಶಿಷ್ಯೆ: ಅಲ್ಲಿಯೇ ನನ್ನ ತಕರಾರು. ಅರಮನೆಯಲ್ಲಿ ಎಡಕ್ಕೆ ಹೆಚ್ಚು ಗೌರವ, ಎಡದ ಮೊದಲ ಪದ್ಯವನ್ನು ಸೋಲಿಸಬಾರದು ಅನ್ನುವ ರೂಢಿ. ಅದು ಸಾಲದೆಂಬಂತೆ ದೊರೆಯ ಮುಲಾಜು. 960ರಲ್ಲಿ ಮುರಕಾಮಿ ಚಕ್ರವರ್ತಿಯ ಅರಮನೆಯಲ್ಲಿ ನಡೆದದ್ದನ್ನೇ ನೋಡಿ. ಕೊನೆಯ ಸುತ್ತು, ವಸ್ತು ಪ್ರೇಮ. ಎಡಕ್ಕೆ ಮಿಬು ನೊ ತದಾಮಿ, ಬಲಕ್ಕೆ ತಾಯ್‌ರಾ ನೊ ಕಾನೆಮೊರಿ. ಇಬ್ಬರೂ ಬಚ್ಚಿಟ್ಟ ಪ್ರೇಮ ಹೇಗೆ ಹೊರಬಿತ್ತು ಎಂದೇ ಬರೆದಿದ್ದಾರೆ. ತೀರ್ಪುಗಾರ ಸಾನೆಯೊರಿಗೆ ನಿರ್ಧರಿಸಲಾಗಲಿಲ್ಲ. ಪಕ್ಕದಲ್ಲಿದ್ದ ತಕಾಅಕಿರಾನನ್ನು ಕೇಳಿದರೆ ಅವನು ತಲೆಬಾಗಿ ಸುಮ್ಮನಿದ್ದ. ಆಗ ಚಕ್ರವರ್ತಿ ಬಲದ ಪದ್ಯವನ್ನು ಮೆಲ್ಲಗೆ ತನ್ನಷ್ಟಕ್ಕೆ ಗುನುಗಿದನಂತೆ. ಅಷ್ಟೇ, ಬಲಕ್ಕೆ ಗೆಲುವು. ಇದರಲ್ಲಿ ಕಾರಣ ಎಲ್ಲಿ ಬಂತು ಮೇಷ್ಟ್ರೇ? ದೊರೆಯ ತುಟಿ ಅಲುಗಿತು, ತೀರ್ಪು ಬಂತು.

ಮೇಷ್ಟ್ರು: ನಿಜ. ಆ ತೀರ್ಪನ್ನು ನಾನು ಸಮರ್ಥಿಸುವುದಿಲ್ಲ. ಸೋತ ತದಾಮಿ ಊಟ ಬಿಟ್ಟು ಕೊರಗಿ ಸತ್ತ ಎಂದು ಮುಂದೆ ಕಥೆಯೇ ಹುಟ್ಟಿಕೊಂಡಿತು. ಆದರೆ ತೀರ್ಪು ಅಲ್ಲಿಗೆ ಮುಗಿಯಲಿಲ್ಲ ಅನ್ನುವುದನ್ನೂ ನೋಡು. ಅರ್ಧ ಶತಮಾನದ ಮೇಲೆ ಶೂಯಿಶೂ ಸಂಕಲನ ಮಾಡಿದವರು ಪ್ರೇಮದ ಭಾಗವನ್ನು ಸೋತ ತದಾಮಿಯ ಪದ್ಯದಿಂದಲೇ ಆರಂಭಿಸಿ, ಗೆದ್ದದ್ದನ್ನು ಅದರ ಹಿಂದೆ ಇಟ್ಟರು. ಹ್ಯಾಕುನಿನ್ ಇಶ್ಶು ಸಂಕಲನದಲ್ಲೂ ಎರಡೂ ಅಕ್ಕಪಕ್ಕ ಕೂತಿವೆ. ಜೋಡಿ ಮಾತ್ರ ಒಡೆಯಲಿಲ್ಲ. ಒಂದನ್ನು ಓದಿದವರು ಇನ್ನೊಂದನ್ನು ಓದದೆ ಇರಲಾರರು. ಒಂಟಿಯಾಗಿ ಓದಿದ್ದರೆ ಎರಡೂ ಒಂದೇ ಮಾತು ಅನ್ನಿಸುತ್ತಿತ್ತು. ಜೊತೆಗಿಟ್ಟಾಗ ಗೊತ್ತಾಗುತ್ತದೆ: ಒಬ್ಬನ ಗುಟ್ಟು ಊರ ಬಾಯಿಗೆ ಬಿದ್ದಿದೆ, ಇನ್ನೊಬ್ಬನದ್ದು ಅವನ ಮುಖದ ಮೇಲೆಯೇ ಬಂದಿದೆ.

ಶಿಷ್ಯೆ: ಅದು ಒಳ್ಳೆಯ ಓದು. ಆದರೆ ಅದು ನಿಮ್ಮ ಓದು, ಸಾನೆಯೊರಿಯದ್ದಲ್ಲ.

ಮೇಷ್ಟ್ರು: ಸಾನೆಯೊರಿಗೆ ಆ ಓದನ್ನು ಹೇಳುವ ಭಾಷೆ ಇನ್ನೂ ಕೈಗೆ ಬಂದಿರಲಿಲ್ಲ ಅಂತ ನನಗನ್ನಿಸುತ್ತದೆ. ಆಗಿನ ಕಾರಣಗಳು ಚುಟುಕಾಗಿದ್ದವು. ಒಂದೇ ಮಾತು ಎರಡು ಸಲ ಬಂದಿದೆ, ಕೊಟ್ಟ ವಸ್ತು ಸರಿಯಾಗಿ ಬಂದಿಲ್ಲ, ಇಂಥವು. ನಮ್ಮ ಆಲಂಕಾರಿಕರು ದೋಷ ಅಂದದ್ದನ್ನು ಅವರು ಪದ್ಯದ ಕಾಯಿಲೆ ಅಂದರು. ಭಾಷೆ ಬೆಳೆದದ್ದು ಹನ್ನೆರಡನೆಯ ಶತಮಾನದಲ್ಲಿ, ಫುಜಿವಾರಾ ನೊ ಶುನ್‌ಜೆಯ್ ಕೈಯಲ್ಲಿ. 1192-93ರ ಸುಮಾರಿಗೆ ಯೊಶಿತ್ಸುನೆ ಎಂಬ ಶ್ರೀಮಂತ ಆರು ನೂರು ಸುತ್ತಿನ ಸ್ಪರ್ಧೆ ಏರ್ಪಡಿಸಿದ. ಹನ್ನೆರಡು ಕವಿಗಳು, ತಲೆಗೆ ನೂರು ಪದ್ಯ. ಸಾವಿರದ ಇನ್ನೂರು ಪದ್ಯಕ್ಕೆ ಒಬ್ಬನೇ ತೀರ್ಪುಗಾರ, ಎಂಬತ್ತರ ಹತ್ತಿರದ ಮುದುಕ. ಅಲ್ಲೊಂದು ಸುತ್ತು ನನಗೆ ಬಹಳ ಇಷ್ಟ. ವಸ್ತು ಚಳಿಗಾಲದ ಒಣ ಬಯಲು. ಎಡದ ಪದ್ಯದಲ್ಲಿ ಹುಲ್ಲುಬಯಲು ಅನ್ನುವ ಅರ್ಥದ ಮಾತೊಂದು ಬಂತು. ಬಲದವರು ತಕ್ಷಣ ಎದ್ದರು: ಈ ಮಾತು ಕಿವಿಗೆ ಹಿತವಾಗಿಲ್ಲ. ಬಹುಶಃ ಸ್ಮಶಾನದ ನೆನಪು ತರುತ್ತದೆ ಅನ್ನುವುದು ಅವರ ಮನಸ್ಸಿನಲ್ಲಿತ್ತು.

ಶಿಷ್ಯೆ: ಶುನ್‌ಜೆಯ್ ಏನಂದ?

ಮೇಷ್ಟ್ರು: ಬಲದವರನ್ನು ಗದರಿಸಿದ. ಆ ಮಾತು ಗೆಂಜಿ ಕಥನದ ಹೂವಿನ ಉತ್ಸವದ ಅಧ್ಯಾಯದಿಂದ ಬಂದದ್ದು, ಅಲ್ಲಿ ಅದು ಎಷ್ಟು ಸೊಗಸಾಗಿದೆ ಗೊತ್ತೇ, ಗೆಂಜಿ ಓದದ ಕವಿಯನ್ನು ಕಂಡರೆ ವಿಷಾದವಾಗುತ್ತದೆ ಎಂಬ ಅರ್ಥದಲ್ಲಿ ಬರೆದ. ಗೆಲುವು ಎಡಕ್ಕೆ. ಏನಾಯಿತು ನೋಡು. ಒಂದು ಮಾತಿನ ಮೇಲಿನ ಜಗಳದಿಂದ, ಹೆಂಗಸೊಬ್ಬಳು ಬರೆದ ಗದ್ಯಕಥೆ ಕವಿಗಳ ಪಠ್ಯವಾಯಿತು. ಮುಂದಿನ ತಲೆಮಾರುಗಳು ಆ ತೀರ್ಪನ್ನು ಹಿಡಿದು ಗೆಂಜಿ ಓದಿದವು. ಬರಿಯ ಅಂಕ ಕೊಟ್ಟಿದ್ದರೆ ಇದು ಆಗುತ್ತಿತ್ತೇ?

ಶಿಷ್ಯೆ: ಆದರೆ ಎಡದ ಆ ಪದ್ಯ ಬರೆದವನು ಯಾರು? ಸ್ಪರ್ಧೆ ಏರ್ಪಡಿಸಿದ ಯೊಶಿತ್ಸುನೆಯೇ! ಅಂತಃಪುರದ ಹೆಂಗಸು ಎಂಬ ಹೆಸರಿನಲ್ಲಿ ಬರೆದಿದ್ದ. ಮುದುಕನಿಗೆ ಗೊತ್ತಿರಲಿಲ್ಲವೇ?

ಮೇಷ್ಟ್ರು: ಗೊತ್ತಿದ್ದಿರಬಹುದು. ಅದಕ್ಕೇ ನಾನು ಹೇಳುವುದು, ಕಾರಣ ಬರೆದಿಟ್ಟದ್ದು ಒಳ್ಳೆಯದಾಯಿತು ಎಂದು. ಇಂದು ನೀನೂ ನಾನೂ ಆ ಕಾರಣ ಸರಿಯೋ ಮುಲಾಜೋ ಎಂದು ತೂಗಬಹುದು. ಗುನುಗಿದ್ದನ್ನು ತೂಗಲಾಗುವುದಿಲ್ಲ. ಬರೆದ ಕಾರಣಕ್ಕೆ ಉತ್ತರ ಕೊಡಬಹುದು. ಕೊಟ್ಟರು ಕೂಡ. ಕೆನ್‌ಶೋ ಎಂಬ ಭಿಕ್ಷು ತನ್ನ ಪದ್ಯಗಳ ಮೇಲಿನ ತೀರ್ಪುಗಳಿಗೆ ಆಕ್ಷೇಪಣೆಯ ಒಂದು ಪುಸ್ತಕವನ್ನೇ ಬರೆದ. ಅವನಿಗೂ ಜಾಕುರೆನ್ ಎಂಬ ಇನ್ನೊಬ್ಬ ಕವಿಗೂ ಪ್ರತಿದಿನ ವಾದ. ಕೆನ್‌ಶೋ ಕೈಯಲ್ಲಿ ವಜ್ರಾಯುಧದಂಥ ಪೂಜಾದಂಡ ಹಿಡಿದು, ಜಾಕುರೆನ್ ಕತ್ತನ್ನು ಕುಡುಗೋಲಿನ ಹಾಗೆ ನಿಗುರಿಸಿ ಕಾದಾಡುತ್ತಿದ್ದರಂತೆ, ಹೆಂಗಸರು ಅದಕ್ಕೊಂದು ಅಡ್ಡಹೆಸರೇ ಇಟ್ಟಿದ್ದರಂತೆ. ಒಂದು ಮಾತಿಗಾಗಿ, ಒಂದು ಸಸ್ಯದ ಹೆಸರಿಗಾಗಿ ಬೆಳೆದವರು ಅಷ್ಟು ಕಾದಾಡುವ ಕಾಲವೊಂದಿತ್ತಲ್ಲ! ಆ ಆಸ್ಥೆಯನ್ನು ನೆನೆದರೆ ನನಗೆ ಸಂತೋಷವಾಗುತ್ತದೆ.

ಶಿಷ್ಯೆ: ಸೈಗ್ಯೋ ಎಂಬ ಕವಿ ಮಾಡಿದ್ದು ನನಗೆ ಇನ್ನೂ ಮನಸ್ಸಿಗೆ ಹತ್ತಿರ. ಎದುರಾಳಿಯೇ ಬೇಡ ಎಂದ. ತನ್ನ ಪದ್ಯಗಳನ್ನೇ ಜೋಡಿ ಮಾಡಿ, ಎಡಕ್ಕೆ ಬೆಟ್ಟದ ಮನೆಯ ಅತಿಥಿ, ಬಲಕ್ಕೆ ಹೊಲದ ದಾರಿಯ ಮನೆಯೊಡೆಯ ಎಂದು ಇಬ್ಬರು ಕಲ್ಪಿತ ಕವಿಗಳ ಹೆಸರು ಕೊಟ್ಟು, ಮೂವತ್ತಾರು ಸುತ್ತುಗಳನ್ನು ಶುನ್‌ಜೆಯ್‌ಗೆ ಕಳಿಸಿದ. ಇನ್ನೂ ಮೂವತ್ತಾರು ಸುತ್ತುಗಳನ್ನು ಶುನ್‌ಜೆಯ್ ಮಗ ತೆಯ್ಕಾಗೆ. ಇಸೆ ದೇಗುಲಕ್ಕೆ ಅರ್ಪಿಸುವುದಕ್ಕೆ.

ಮೇಷ್ಟ್ರು: ತೆಯ್ಕಾಗೆ ಆಗ ಇಪ್ಪತ್ತೈದು ದಾಟಿತ್ತಷ್ಟೇ. ಎಪ್ಪತ್ತರ ಕವಿಯ ಪದ್ಯಗಳಿಗೆ ತೀರ್ಪು ಬರೆಯಲು ಹೆದರಿ ಎರಡು ವರ್ಷ ತೆಗೆದುಕೊಂಡ. 1189ರಲ್ಲಿ ತೀರ್ಪು ಕೈಸೇರಿದಾಗ ಸೈಗ್ಯೋ ಹಾಸಿಗೆ ಹಿಡಿದಿದ್ದ. ಬೇರೆಯವರಿಂದ ಮೂರು ಸಲ ಓದಿಸಿ ಕೇಳಿದ. ಆಮೇಲೆ ತಾನೇ ತಲೆಯೆತ್ತಿ, ನಡುನಡುವೆ ದಣಿವಾರಿಸಿಕೊಂಡು, ಎರಡು ದಿನದಲ್ಲಿ ಓದಿ ಮುಗಿಸಿದ. ಮರುವರ್ಷ ತೀರಿಕೊಂಡ. ಇಲ್ಲಿ ಗೆದ್ದವನೂ ಸೋತವನೂ ಅವನೇ. ಹಾಗಾದರೆ ಅಷ್ಟು ಆತುರದಿಂದ ಕೇಳಿಸಿಕೊಂಡದ್ದು ಏನನ್ನು? ಇನ್ನೊಬ್ಬ ತನ್ನನ್ನು ಹೇಗೆ ಓದಿದ ಎಂಬುದನ್ನು.

ಶಿಷ್ಯೆ: ಬಾಶೋನ ಕಡೆಗೆ ಬನ್ನಿ ಮೇಷ್ಟ್ರೇ. ಅವನು ತೀರ್ಪುಗಾರನಾಗಿ ಶುರುಮಾಡಿದವನು ಅಂತ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಮೇಷ್ಟ್ರು: ಅವನ ಮೊದಲ ಪುಸ್ತಕವೇ ತೀರ್ಪಿನ ಪುಸ್ತಕ. 'ಕಾಯ್ ಓಯಿ', 1672. ಆಗಿನ್ನೂ ಬಾಶೋ ಎಂಬ ಹೆಸರಿಲ್ಲ, ಮುನೆಫುಸಾ. ಹುಟ್ಟೂರು ಇಗಾ ಉಎನೊದ ಕವಿಗಳ ಅರವತ್ತು ಹೊಕ್ಕುಗಳನ್ನು ಮೂವತ್ತು ಸುತ್ತುಗಳಾಗಿ ಜೋಡಿಸಿ, ತಾನೇ ತೀರ್ಪು ಬರೆದು, ಊರಿನ ತೆನ್‌ಮಾಂಗು ಗುಡಿಗೆ ಅರ್ಪಿಸಿದ. ಚಿಪ್ಪಿನ ಜೋಡಿ ಹುಡುಕುವ ಆಟದ ಹೆಸರನ್ನು ಅದಕ್ಕಿಟ್ಟ. ಒಂದು ಚಿಪ್ಪಿಗೆ ಅದರದೇ ಇನ್ನರ್ಧ ಬಿಟ್ಟು ಬೇರೆ ಯಾವುದೂ ಕೂರುವುದಿಲ್ಲವಷ್ಟೆ. ಹಂಶಿಯ ಭಾಷೆ ಮಾತ್ರ ಪೂರಾ ಬೇರೆ! ಶುನ್‌ಜೆಯ್ ಗೆಂಜಿ ತಂದ ಜಾಗಕ್ಕೆ ಈ ಯುವಕ ಬೀದಿಯ ಹಾಡು, ಆಗ ಬಾಯಲ್ಲಿದ್ದ ಪಡ್ಡೆಮಾತು ತಂದ.

ಶಿಷ್ಯೆ: ತನ್ನ ಪದ್ಯವನ್ನೇ ಸೋಲಿಸಿಕೊಂಡನಂತೆ?

ಮೇಷ್ಟ್ರು: ಒಂಬತ್ತನೆಯ ಸುತ್ತು. ಎಡದಲ್ಲಿ ಕುಡುಗೋಲಿನಿಂದ ಹೂಕೊಂಬೆ ಕಡಿಯುವ ಸದ್ದು. ಬಲದಲ್ಲಿ ಅವನದೇ ಪದ್ಯ, ಜಿಂಬೆ ಎಂಬವನ ಅಂಗಿಯ ಮೇಲೆ ಶ್ಲೇಷೆ ಮಾಡಿದ್ದು. ಬಂದು ನೋಡು ಅನ್ನುವುದಕ್ಕೂ ತೊಟ್ಟು ನೋಡು ಅನ್ನುವುದಕ್ಕೂ ಅಲ್ಲಿ ಒಂದೇ ಸದ್ದು. ತೀರ್ಪಿನಲ್ಲಿ ಏನು ಬರೆದ ಗೊತ್ತೇ? ಬಲದ ಅಂಗಿಯ ಹೊಲಿಗೆ ಸರಿಯಿಲ್ಲ, ಕುಶಲಿಯ ಕೈ ಸಾಲದು. ಜೊತೆಗೆ ಎಡದ ಕುಡುಗೋಲಿನ ಉಕ್ಕು ಗಟ್ಟಿಯಾಗಿ ಕಾಣುತ್ತದೆ, ಜಿಂಬೆಯ ತಲೆಗೇ ಅಪಾಯ. ಆದ್ದರಿಂದ ಸೋಲು! ಕೇಳಿದರೆ ತಮಾಷೆ. ಆದರೆ ಒಳಗೆ ಹೋಗಿ ನೋಡಮ್ಮ. ಎರಡು ಪದ್ಯಗಳ ವಸ್ತುಗಳನ್ನೇ ಒಂದರ ಮೇಲೊಂದು ಬಿಟ್ಟು, ಅಂಗಿ ಎದುರಿಗೆ ಕುಡುಗೋಲು ನಿಲ್ಲಿಸಿ, ಯಾವುದಕ್ಕೆ ಹೆಚ್ಚು ಹರಿತ ಎಂದು ಪರೀಕ್ಷಿಸಿದ್ದಾನೆ. ಎಡದ ಪದ್ಯದಲ್ಲಿ ಒಂದು ಸದ್ದಿದೆ, ಕಿವಿಗೆ ಬೀಳುತ್ತದೆ. ಬಲದಲ್ಲಿ ಇರುವುದು ಶ್ಲೇಷೆ ಮಾತ್ರ. ಇಪ್ಪತ್ತೊಂಬತ್ತರ ಹುಡುಗ ತನ್ನ ಜಾಣತನಕ್ಕಿಂತ ಇನ್ನೊಬ್ಬನ ಸದ್ದು ದೊಡ್ಡದೆಂದ. ಬಾಶೋ ಮುಂದೆ ಹೋದ ದಾರಿಯೆಲ್ಲ ಆ ಸೋಲಿನಲ್ಲಿ ನನಗೆ ಕಾಣುತ್ತದೆ.

ಶಿಷ್ಯೆ: ಅದು ಹೆಚ್ಚಾಯಿತು ಅನ್ನಿಸುತ್ತದೆ. ನೀವು ಹಿಂದಿನಿಂದ ಓದುತ್ತಿದ್ದೀರಿ.

ಮೇಷ್ಟ್ರು: ಇರಬಹುದು. ನಾನಂತೂ ಹಾಗೆಯೇ ನಂಬುತ್ತೇನೆ. ಎಂಟು ವರ್ಷದ ಮೇಲೆ, 1680ರಲ್ಲಿ, ಎಡೊ ನಗರದಲ್ಲಿ ಇನ್ನೆರಡು ಸ್ಪರ್ಧೆಗಳಿಗೆ ತೀರ್ಪು ಬರೆದ. ಶಿಷ್ಯ ಕಿಕಾಕುವಿನದೊಂದು, ಇನ್ನೊಬ್ಬ ಶಿಷ್ಯ ಸಾಂಪುವಿನದೊಂದು, ತಲಾ ಇಪ್ಪತ್ತೈದು ಸುತ್ತು. ಇಬ್ಬರೂ ಸೈಗ್ಯೋನ ದಾರಿ ಹಿಡಿದು ತಮ್ಮ ಪದ್ಯಕ್ಕೆ ತಮ್ಮದೇ ಪದ್ಯ ಎದುರಿಟ್ಟರು. ಕಿಕಾಕುವಿನ ಎದುರಾಳಿಗಳು ನೆರಿಮಾದ ರೈತ, ಕಸಾಯ್‌ನ ಹಳ್ಳಿಗ. ಸಾಂಪು ಇಡೀ ಸ್ಪರ್ಧೆಯನ್ನು ತರಕಾರಿಗಳ ಮೇಲೆ ಕಟ್ಟಿದ. ಸೈಗ್ಯೋ ಹೂವು, ಚಂದ್ರ ತಂದ ಚೌಕಟ್ಟಿಗೆ ಇವನು ಸಂತೆಯ ಸೊಪ್ಪುಗಡ್ಡೆ ತಂದ. ಬಾಶೋ ಅವನ್ನು ಜ಼ುವಾಂಗ್‌ಜ಼ಿಯ ಮಾತುಗಳನ್ನು ಇಟ್ಟುಕೊಂಡು ತೂಗಿದ. ಬೀದಿಹಾಡು ಹೋಗಿ ಚೀನಾದ ತತ್ತ್ವ ಬಂತು. ಅದೇ ವರ್ಷದ ಚಳಿಗಾಲಕ್ಕೆ ನಗರ ಬಿಟ್ಟು, ಸುಮಿದಾ ನದಿಯಾಚೆ ಫುಕಾಗಾವಾದ ಗುಡಿಸಲಿಗೆ ಹೋದ.

ಶಿಷ್ಯೆ: ಹೋದದ್ದೇಕೆ ಎಂದು ನಾನು ಹೇಳಲೇ? ಆಗ ಎಡೊದಲ್ಲಿ ಪದ್ಯದ ಗುರು ಬದುಕುತ್ತಿದ್ದದ್ದು ಅಂಕ ಹಾಕಿ. ತೆಂಜಾ ಅನ್ನುತ್ತಿದ್ದರಲ್ಲ, ಶಿಷ್ಯರ ಪದ್ಯಕ್ಕೆ ದುಡ್ಡು ತೆಗೆದುಕೊಂಡು ಗುರುತು ಹಾಕುವವರು. ಬಾಶೋಗೆ ಅದು ಬೇಡವಾಯಿತು. 1692ರಲ್ಲಿ ಶಿಷ್ಯ ಕ್ಯೊಕುಸುಯಿಗೆ ಬರೆದ ಕಾಗದದಲ್ಲಿ ಪದ್ಯ ಬರೆಯುವವರನ್ನು ಮೂರು ಬಗೆ ಮಾಡಿದ್ದಾನೆ. ಹಗಲಿರುಳು ಅಂಕಕ್ಕಾಗಿ ಓಡಾಡುವವರು, ಹೊತ್ತು ಕಳೆಯಲು ಬರೆಯುವ ಹಣವಂತರು, ಮನಸ್ಸಿಟ್ಟು ಹುಡುಕುವವರು. ಮೂರನೆಯವರು ದೇಶಕ್ಕೆಲ್ಲ ಹತ್ತು ಬೆರಳು ತುಂಬುವಷ್ಟೂ ಇಲ್ಲ ಎಂದ. ಮೊದಲ ಬಗೆಯವರನ್ನೂ ಅವನು ತೀರ ಹೊರಗಿಡುವುದಿಲ್ಲ. ಅವರಿಂದ ಅಂಕ ಹಾಕುವವನ ಹೆಂಡತಿ ಮಕ್ಕಳ ಹೊಟ್ಟೆ ತುಂಬುತ್ತದಲ್ಲ, ಕೆಟ್ಟ ಕೆಲಸ ಮಾಡುವುದಕ್ಕಿಂತ ವಾಸಿ ಎನ್ನುತ್ತಾನೆ.

ಮೇಷ್ಟ್ರು: ಇಲ್ಲಿ ನೀನೂ ನಾನೂ ಒಂದು. ತೀರ್ಪಿನ ಜಾಗಕ್ಕೆ ಗುರುತು ಬಂದದ್ದೇ ನನಗೆ ಸಂಕಟ. ಸಾಲಿನ ಪಕ್ಕ ಒಂದು ಗೀಟು, ಎರಡು ಗೀಟು. ಏಕೆ ಎಂದು ಕೇಳುವ ಹಾಗಿಲ್ಲ, ಹೇಳುವ ಹೊಣೆಯಿಲ್ಲ. ಮುಂದೆ 1757ರಿಂದ ಕರಾಯ್ ಸೆನ್ರ್ಯು ಸಾವಿರ ಸಾವಿರ ಪದ್ಯ ತರಿಸಿಕೊಂಡು ಆರಿಸಿ ಬಹುಮಾನ ಕೊಟ್ಟ. ಒಳ್ಳೆಯ ಆಯ್ಕೆಗಾರನೇ. ಅವನ ಹೆಸರೇ ಆ ಬಗೆಯ ಪದ್ಯಕ್ಕೆ ನಿಂತಿತು. ಆದರೆ ಅಲ್ಲಿ ಜೋಡಿಯೂ ಇಲ್ಲ, ಕಾರಣವೂ ಇಲ್ಲ. ಸಾವಿರಾರು ಪದ್ಯಕ್ಕೆ ಕಾರಣ ಬರೆಯಲು ಯಾರಿಗಾದರೂ ಸಾಧ್ಯವೇ? ಜನ ಹೆಚ್ಚಿದರು, ಹಂಶಿ ಸತ್ತಿತು.

ಶಿಷ್ಯೆ: ಬಾಶೋ ಕೂಡ ಒಮ್ಮೆ ತೀರ್ಪು ಬಿಟ್ಟನಲ್ಲ ಮೇಷ್ಟ್ರೇ, ಕಪ್ಪೆಗಳ ಸ್ಪರ್ಧೆಯಲ್ಲಿ.

ಮೇಷ್ಟ್ರು: 1686ರ ವಸಂತ, ಫುಕಾಗಾವಾದ ಅದೇ ಗುಡಿಸಲು. ಇಪ್ಪತ್ತು ಸುತ್ತು, ನಲವತ್ತು ಕಪ್ಪೆ. ಕಿಕಾಕು, ರಾನ್‌ಸೆತ್ಸು, ಸಾಂಪು, ಸೊರಾ, ಸೊದೊ ಎಂಬ ಬಳಗದ ಕವಿಗಳೆಲ್ಲ ಇದ್ದಾರೆ, ಕ್ಯೊರಾಯ್‌ನದೂ ಒಂದು ಕಪ್ಪೆ ಇದೆ. ಬರೆದಿಟ್ಟವನು ಶಿಷ್ಯ ಸೆಂಕಾ. ಒಬ್ಬ ತೀರ್ಪುಗಾರ ಎಂದಿಲ್ಲ, ಕೂತವರೆಲ್ಲ ಚರ್ಚಿಸಿ ನಿರ್ಧರಿಸಿದ್ದು. ಮೊದಲ ಸುತ್ತಿನಲ್ಲಿ ಎಡಕ್ಕೆ ಬಾಶೋನ ಕೊಳದ ಕಪ್ಪೆ, ಇವತ್ತು ಲೋಕಕ್ಕೆಲ್ಲ ಗೊತ್ತಿರುವುದು: ಹಳೆಯ ಕೊಳ, ಕಪ್ಪೆ ಹಾರಿದ ನೀರಿನ ಸದ್ದು. ಬಲಕ್ಕೆ ಸೆಂಕಾನ ಕಪ್ಪೆ, ತೇಲುವ ಎಲೆಯ ಮೇಲೆ ಮುದ್ದಾಗಿ ಕುಕ್ಕರಿಸಿದ್ದು. ಆ ಸುತ್ತಿಗೆ ಗೆಲುವಿಲ್ಲ, ಸೋಲಿಲ್ಲ. ಸುಮ್ಮನೆ ಎರಡು ಕಪ್ಪೆ ಇಟ್ಟೆವು, ಅದು ನಾಲ್ಕಾಯಿತು, ಆರಾಯಿತು, ಸುರುಳಿ ತುಂಬಿತು, ಮೇಲು ಕೀಳು ಎಂದು ಯಾರೂ ಜಗಳವಾಡಬಾರದು ಎಂಬರ್ಥದ ಮಾತಿದೆ, ಅಷ್ಟೇ. ಮುಂದಿನ ಸುತ್ತುಗಳಲ್ಲಿ ಗೆಲುವೂ ಉಂಟು, ಸಮವೂ ಉಂಟು. ಮೊದಲನೆಯದನ್ನು ಮಾತ್ರ ಅಲ್ಲಿಗೇ ಬಿಟ್ಟರು. ತೀರ್ಪಿನ ದಾರಿಯಲ್ಲಿ ಹೊರಟವನು ತೀರ್ಪು ಬೇಡದ ಜಾಗಕ್ಕೆ ಬಂದು ಮುಟ್ಟಿದ. ಇದಕ್ಕಿಂತ ಎತ್ತರ ಯಾವುದು?

ಶಿಷ್ಯೆ: ಇದನ್ನು ನಾನು ಒಪ್ಪುವುದಿಲ್ಲ ಮೇಷ್ಟ್ರೇ. ಇಷ್ಟು ಹೊತ್ತು ನನಗೆ ಏನು ಹೇಳಿಕೊಟ್ಟಿರಿ? ಕಾರಣ ಬರೆಯುವ ಹೊಣೆಯೇ ದೊಡ್ಡದು ಎಂದಿರಿ. ಆ ಹೊಣೆ ಹುಟ್ಟುವುದು ಗೆಲುವು ಸೋಲು ಹೇಳಬೇಕಾದಾಗ. ಜಿಂಬೆಯ ಅಂಗಿಗೆ ಸಿಕ್ಕ ಹಂಶಿ ಈ ಕೊಳಕ್ಕೆ ಸಿಗಲಿಲ್ಲ. ಜಪಾನಿನ ಅತಿ ಪ್ರಸಿದ್ಧ ಹೊಕ್ಕು ಒಂದು ಸ್ಪರ್ಧೆಗೆ ಇಳಿದಿದೆ, ಸುತ್ತ ಕೂತವರು ಆ ಕಾಲದ ಅತ್ಯುತ್ತಮ ಕಿವಿಗಳು, ಆದರೆ ಆ ದಿನ ಅವರು ಅದರಲ್ಲಿ ಏನು ಕೇಳಿಸಿಕೊಂಡರು ಎಂಬ ಒಂದು ವಾಕ್ಯವೂ ಆ ಸುತ್ತಿನ ಕೆಳಗೆ ಇಲ್ಲ. ಮುನ್ನೂರು ವರ್ಷದಿಂದ ಜನ ಅದಕ್ಕೆ ಝೆನ್ ಎಂದೂ ಮೌನವೆಂದೂ ಏನೇನೋ ಹೊರಿಸುತ್ತಿದ್ದಾರಲ್ಲ, ಆ ಖಾಲಿ ಜಾಗ ಬಿಟ್ಟದ್ದರಿಂದ. ಗುರು ಎಂಬ ಗೌರವಕ್ಕೆ ಸುಮ್ಮನಾದರು ಅಂತ ನನ್ನ ಅನುಮಾನ. ಹಾಗಾದರೆ ಅದಕ್ಕೂ ಚಕ್ರವರ್ತಿ ಗುನುಗಿದ್ದಕ್ಕೂ ಏನು ವ್ಯತ್ಯಾಸ?

ಮೇಷ್ಟ್ರು: ಬಲವಾದ ಮಾತು ಹೇಳಿದೆ ಕಣೇ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸರಿ, ಅವರು ಬರೆಯದೆ ಬಿಟ್ಟದ್ದನ್ನು ನೀನು ಬರೆ. ಮೊದಲ ಸುತ್ತಿಗೆ ಹಂಶಿ ಹೇಳು.

ಶಿಷ್ಯೆ: ಹೇಳುತ್ತೇನೆ. ಹಳೆಯ ವಾಕಾ ಪದ್ಯಗಳಲ್ಲಿ ಕಪ್ಪೆ ಹಾಡುತ್ತದೆ. ಕೊಕಿನ್‌ಶೂ ಸಂಕಲನದ ಮುನ್ನುಡಿಯಿಂದಲೇ ಅದು ಹಾಡುವ ಪ್ರಾಣಿ. ಇಲ್ಲಿನ ಎರಡು ಕಪ್ಪೆಗಳೂ ಹಾಡುವುದಿಲ್ಲ. ಅಲ್ಲಿಗೆ ಎರಡೂ ಸಮ, ಎರಡಕ್ಕೂ ಧೈರ್ಯವಿದೆ. ಬಲದ ಕಪ್ಪೆ ಕಾಣುತ್ತದೆ. ಎಲೆ ಎಷ್ಟು ತೂಗಿತು, ಅದು ಹೇಗೆ ಕೈಯೂರಿ ಕೂತಿದೆ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಗುರುವಿನೆದುರು ಶಿಷ್ಯ ಬಾಗಿ ಕೂತ ಹಾಗೂ ಇದೆ, ಸೆಂಕಾ ಅದನ್ನು ಬೇಕೆಂದೇ ಅಲ್ಲಿಟ್ಟ ಅಂದುಕೊಳ್ಳುತ್ತೇನೆ. ಎಡದ ಕಪ್ಪೆಯನ್ನು ನಾವು ನೋಡುವುದೇ ಇಲ್ಲ. ಅದು ಹೋದಮೇಲೆ ಉಳಿದದ್ದು ಮಾತ್ರ ನಮ್ಮ ಪಾಲಿಗೆ. ಬಲದ ಪದ್ಯ ಓದಿದವನಿಗೆ ಒಂದು ಕಪ್ಪೆ ಸಿಗುತ್ತದೆ, ಎಡದ್ದು ಓದಿದವನಿಗೆ ಒಂದು ಕೊಳ. ಕೊಳ ದೊಡ್ಡದು. ಆದರೆ ಸ್ಪರ್ಧೆಯ ವಸ್ತು ಕಪ್ಪೆ, ಕೊಳವಲ್ಲ. ವಸ್ತುವನ್ನು ಬಿಟ್ಟುಕೊಡದೆ ನಿಂತದ್ದು ಬಲದ ಪದ್ಯ. ಹಳೆಯ ನಿಯಮ ಹಿಡಿದರೆ ಸಮ ಎಂದು ಬರೆಯುತ್ತೇನೆ.

ಮೇಷ್ಟ್ರು: ಸಮವೇ? ಬಾಶೋನ ಕೊಳಕ್ಕೆ?

ಶಿಷ್ಯೆ: ಸಮವೇ. ಕಾರಣ ಕೊಟ್ಟಿದ್ದೇನೆ.

ಮೇಷ್ಟ್ರು: ಹಾಗಾದರೆ ನನ್ನ ಆಕ್ಷೇಪಣೆ ಬರೆದುಕೋ. ವಸ್ತು ಬಿಟ್ಟುಕೊಟ್ಟಿತು ಅಂದೆಯಲ್ಲ, ಅದು ತಪ್ಪು. ಕಪ್ಪೆಯ ಮೈ ಕಾಣದಿರಬಹುದು, ಆದರೆ ಆ ಪದ್ಯದಲ್ಲಿ ಏನಾದರೂ ಆಗುವುದು ಕಪ್ಪೆಯಿಂದಲೇ. ಸೆಂಕಾನ ಎಲೆಯ ಮೇಲೆ ಬೇರೆ ಯಾವ ಸಣ್ಣ ಪ್ರಾಣಿ ಕೂತರೂ ಪದ್ಯ ನಿಲ್ಲುತ್ತದೆ. ಕೊಳಕ್ಕೆ ಕಪ್ಪೆಯೇ ಬೇಕು.

ಶಿಷ್ಯೆ: ಒಂದು ಕಲ್ಲು ಬಿದ್ದಿದ್ದರೆ?

ಮೇಷ್ಟ್ರು: ಕಲ್ಲು ತಾನಾಗಿ ಹಾರುವುದಿಲ್ಲ. ಯಾರೋ ಎಸೆಯಬೇಕು, ಆಗ ದಡದ ಮೇಲೆ ಒಬ್ಬ ಮನುಷ್ಯ ಬಂದು ನಿಂತ ಹಾಗಾಗುತ್ತದೆ. ಪದ್ಯದಲ್ಲಿ ಅಂಥವನು ಯಾರೂ ಇಲ್ಲ.

ಶಿಷ್ಯೆ: ಮೀನು ಹಾರಿದ್ದರೆ?

ಮೇಷ್ಟ್ರು: ಮೀನು ನೀರಿನಿಂದ ಎದ್ದು ನೀರಿಗೇ ಬೀಳುತ್ತದೆ. ಕಪ್ಪೆ ನೆಲ ಬಿಟ್ಟು ನೀರಿಗೆ ಹೋಗುತ್ತದೆ. ಆ ದಡ ಪದ್ಯಕ್ಕೆ ಬೇಕು.

ಶಿಷ್ಯೆ: ಮೀನಿನ ಮಾತು ಒಪ್ಪಿದೆ. ಕಲ್ಲಿನದ್ದು ಇನ್ನೂ ಒಪ್ಪಿಲ್ಲ. ದಡದ ಮಣ್ಣು ಸಡಿಲಾಗಿ ಕಲ್ಲು ತಾನಾಗಿಯೇ ಜಾರಬಹುದಲ್ಲ. ತೀರ್ಪು ಸಮ ಎಂದೇ ಇರಲಿ, ನಿಮ್ಮ ಆಕ್ಷೇಪಣೆಯನ್ನು ಅದರ ಕೆಳಗೇ ಬರೆಯುತ್ತೇನೆ.